ಎಜ್ರಾ ಮೀರ್ ಅವರಿಗೆ ಒಂದೇ ಸಾಲು ಸಾಕಾ?

ಹಳೆಯ ಹಿಂದಿ ಟಾಕಿಗಳ ಬಗ್ಗೆ ಇವತ್ತು ಒಂದು ಉಪನ್ಯಾಸ ಕೇಳಿ ಬಂದೆ. ತಲೆ ಇನ್ನೂ ಬಿಸಿಯಾಗಿದೆ. ಎಜ್ರಾ ಮೀರ್ ಹೆಸರು ಬಂತು. ನಮ್ಮ ದೇಶದ ಮೊದಲ ಟಾಕಿ ‘ಆಲಂ ಆರಾ’ ಬಂದ 1931ರಲ್ಲೇ ಅದೇ ಇಂಪೀರಿಯಲ್ ಕಂಪನಿಗೆ ಅವರು ಮಾಡಿದ ‘ನೂರ್ ಜಹಾನ್’, ಮರುವರ್ಷದ ‘ಜರೀನಾ’, ಎರಡರ ಬಗ್ಗೆಯೂ ಚೆನ್ನಾಗಿಯೇ ಮಾತಾಡಿದರು. ಆಮೇಲೆ, ಅವರು ಸರ್ಕಾರಿ ಕೆಲಸಕ್ಕೆ ಸೇರಿ ಸಿನಿಮಾದಿಂದ ದೂರವಾದರು ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು.

ಏನು ದೂರ? ಮನುಷ್ಯ ಅಸಲು ಕೆಲಸ ಶುರು ಮಾಡಿದ್ದೇ ಅಲ್ಲಿಂದ!

ಸಾಕ್ಷ್ಯಚಿತ್ರಗಳ ಎಡಿಟಿಂಗ್ ಮಾಡಿಕೊಂಡೇ ಅರ್ಧ ಆಯಸ್ಸು ಕಳೆದವನು ನಾನು, ನಿಮಗೆಲ್ಲ ಗೊತ್ತು. ಅದಕ್ಕೇ ಈ ಮಾತು ನನಗೆ ಅಷ್ಟು ಚುಚ್ಚಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಮೀರ್ ಬ್ರಿಟಿಷ್ ಸರ್ಕಾರದ ಚಿತ್ರಸಂಸ್ಥೆ ‘ಇನ್ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ’ದ ಹೊಣೆ ಹೊತ್ತರು. 1956ರಿಂದ 1961ರವರೆಗೆ ಸ್ವತಂತ್ರ ಭಾರತದ ಸರ್ಕಾರಿ ಸಾಕ್ಷ್ಯಚಿತ್ರ ಸಂಸ್ಥೆ ಫಿಲ್ಮ್ಸ್ ಡಿವಿಷನ್‌ನ ಮುಖ್ಯ ನಿರ್ಮಾಪಕರಾಗಿದ್ದರು. ಅಂದರೆ ವಾರಕ್ಕೊಂದು ನ್ಯೂಸ್‌ರೀಲು, ವಾರಕ್ಕೊಂದು ಸಾಕ್ಷ್ಯಚಿತ್ರ ದೇಶದ ಟಾಕೀಸುಗಳಿಗೆ ಹೋಗಬೇಕು. ವಿಷಯ ಆರಿಸಬೇಕು, ಕ್ಯಾಮೆರಾದವರನ್ನು ಕಳಿಸಬೇಕು, ಬಂದ ರೀಲು ನೋಡಿ ಇದು ಇರಲಿ ಇದು ಬೇಡ ಅನ್ನಬೇಕು, ಬೇರೆ ಬೇರೆ ಭಾಷೆಯ ವಿವರಣೆ ಸೇರಿಸಿ ಪ್ರಿಂಟು ಹಾಕಿಸಬೇಕು, ಮತ್ತೆ ಮುಂದಿನ ವಾರದ್ದು ತಲೆಯ ಮೇಲೆ ಕೂತಿರುತ್ತದೆ. ಒಂದು ಸಾಕ್ಷ್ಯಚಿತ್ರ ಮುಗಿಸುವಷ್ಟರಲ್ಲಿ ನಮ್ಮ ತಂಡ ಹೈರಾಣಾಗುತ್ತದೆ. ಅವರು ನಿರ್ಮಿಸಿದ ಸಾಕ್ಷ್ಯಚಿತ್ರಗಳು 700ಕ್ಕೂ ಜಾಸ್ತಿ ಅನ್ನುತ್ತಾರೆ. ಕೆಲವನ್ನು ತಾವೇ ನಿರ್ದೇಶಿಸಿದರು ಕೂಡ.

ನಮಗೆ ನಿರ್ಮಾಪಕ ಅಂದರೆ ದುಡ್ಡು ಹಾಕಿದವನು, ಅಷ್ಟೇ. ಸಾಕ್ಷ್ಯಚಿತ್ರದಲ್ಲಿ ಹಾಗಲ್ಲ. ಜಾನ್ ಭಾವನಗರಿ 1957ರಲ್ಲಿ ‘ರಾಧಾ ಔರ್ ಕೃಷ್ಣ’ ಮಾಡಿದಾಗ ಹಿಮಾಲಯದ ತಪ್ಪಲಿನ ಪಹಾಡಿ ಶೈಲಿಯ ಹಳೆಯ ಚಿತ್ರಗಳ ಮೇಲೇ ಕ್ಯಾಮೆರಾ ಓಡಿಸಿ ಕಥೆ ಹೇಳಿದರು. ಅಣೆಕಟ್ಟು, ಕಾರ್ಖಾನೆಗಳ ಚಿತ್ರಗಳ ಮಧ್ಯೆ ಅಂಥದ್ದಕ್ಕೂ ಜಾಗ ಬಿಡುವವರು ಮೇಲೆ ಯಾರೋ ಇರಬೇಕು ಅಲ್ವಾ? ಆ ಕುರ್ಚಿಯಲ್ಲಿ ಆಗ ಇದ್ದವರು ಮೀರ್.

ಅದೆಲ್ಲ ಸರ್ಕಾರದ ತುತ್ತೂರಿ ಅಲ್ವಾ ಅಂತ ಕೇಳುತ್ತೀರಿ. ಹೌದು, ಜಾಸ್ತಿ ಭಾಗ ಪ್ರಚಾರವೇ. ಯುದ್ಧದ ಕಾಲದಲ್ಲಿ ಬ್ರಿಟಿಷರಿಗಾಗಿ ಮಾಡಿದ್ದಂತೂ ಪೂರ್ತಿ ಪ್ರಚಾರ. ಟಾಕೀಸಿನವರು ಕಡ್ಡಾಯವಾಗಿ ತೋರಿಸಬೇಕಿತ್ತು, ಬಾಡಿಗೆಯನ್ನೂ ಕಟ್ಟಬೇಕಿತ್ತು. ಜನ ಅದು ಮುಗಿಯುವವರೆಗೆ ಹೊರಗೆ ಬೀಡಿ ಸೇದುತ್ತಿದ್ದರು. ಒಪ್ಪಿದೆ. ಆದರೆ ಅಂಥ ಸಂಸ್ಥೆ ಇಲ್ಲದಿದ್ದಾಗ ಏನಾಯಿತು ಅಂತಲೂ ನೋಡಿ. 1946ರಲ್ಲಿ ಹಣ ನಿಲ್ಲಿಸಿ ಇನ್ಫರ್ಮೇಶನ್ ಫಿಲ್ಮ್ಸ್‌ಗೆ ಬಾಗಿಲು ಹಾಕಿದರು. ಮರುವರ್ಷ ಆಗಸ್ಟ್ 15 ಬಂದಾಗ ಸರ್ಕಾರದ ಹತ್ತಿರ ತನ್ನದೇ ಸಿನಿಮಾ ತಂಡ ಇರಲಿಲ್ಲ! ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ! ಖಾಸಗಿಯವರು ತೆಗೆದ ಚಿತ್ರಗಳೇ ಗತಿಯಾದವು. ಫಿಲ್ಮ್ಸ್ ಡಿವಿಷನ್ ಹುಟ್ಟಿದ್ದು 1948ರಲ್ಲಿ. ಪ್ರಚಾರ ಪ್ರಚಾರ ಅಂತ ಮೂಗು ಮುರಿಯುವವರು ಇವತ್ತು ನೆಹರೂ ಕಾಲದ ಒಂದು ದೃಶ್ಯ ಬೇಕಾದರೆ ಓಡುವುದು ಇದೇ ಸಂಗ್ರಹಕ್ಕೆ. ನಾನೂ ಅಲ್ಲಿಂದ ತಂದು ಜೋಡಿಸಿದ್ದೇನೆ. ಯಾರೋ ಬಿಸಿಲಲ್ಲಿ ನಿಂತು ತೆಗೆದಿದ್ದು, ಯಾರೋ ಜೋಪಾನ ಮಾಡಿದ್ದು. ಅವರನ್ನೆಲ್ಲ ಸೇರಿಸಿ ‘ಸರ್ಕಾರಿ ಕೆಲಸ’ ಅಂದರೆ ಸಿಟ್ಟು ಬರದೆ ಇನ್ನೇನು?

ಕನ್ನಡದವರಿಗೆ ಇದು ದೂರದ ಮಾತಲ್ಲ. ಬೇಂದ್ರೆಯವರು ನಡೆಯುವುದು, ಮಾತಾಡುವುದು ಇವತ್ತೂ ನಮ್ಮ ಕಣ್ಣಿಗೆ ಸಿಗುತ್ತದೆ. ಗಿರೀಶ ಕಾರ್ನಾಡರು 1972ರಲ್ಲಿ ಅವರ ಮೇಲೆ ಮಾಡಿದ ಚಿತ್ರ ಅದು, ಅದೂ ಇದೇ ಫಿಲ್ಮ್ಸ್ ಡಿವಿಷನ್‌ಗೆ. ಅಷ್ಟು ಹೊತ್ತಿಗೆ ಮೀರ್ ಅಲ್ಲಿಂದ ಹೊರಟು ಹತ್ತು ವರ್ಷದ ಮೇಲಾಗಿತ್ತು, 1970ರಲ್ಲಿ ಪದ್ಮಶ್ರೀ ಕೂಡ ಬಂದಿತ್ತು. ಆದರೂ ಅವರು ನಡೆಸಿಕೊಂಡು ಬಂದ ಮನೆಯೇ ಅದು. ಅವರು 1993ರಲ್ಲಿ ತೀರಿಕೊಂಡರು. 2022ರಲ್ಲಿ ಫಿಲ್ಮ್ಸ್ ಡಿವಿಷನ್ ಅನ್ನೇ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿಗೆ ಸೇರಿಸಿಬಿಟ್ಟರು.

ಸಿನಿಮಾ ಪಾಠ ಹೇಳುವ ಗೆಳೆಯರೇ, ದಯವಿಟ್ಟು ಮೀರ್ ಅವರಿಗೆ ಒಂದು ಪೂರ್ತಿ ತರಗತಿ ಕೊಡಿ. ಇನ್ನೊಂದು ಮಾತು. ಆ ರೀಲುಗಳ ಕನ್ನಡ ವಿವರಣೆ ಬರೆದವರು, ಓದಿದವರು ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಇದ್ದರೆ ಇಲ್ಲೇ ತಿಳಿಸಿ. ಹೆಸರುಗಳನ್ನು ಬರೆದಿಡಲು ನಾನು ಶುರು ಮಾಡಿದ್ದೇನೆ.