ನೀರು ಮೇಲಿನಿಂದಷ್ಟೇ ಬರುವುದಿಲ್ಲ

ಮೂರು ವರ್ಷದ ಹಿಂದೆ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಮಂಡಿಗೆ ಅಡಿಕೆ ಒಯ್ದಿದ್ದೆ. ಬಾಡಿಗೆಯ ಪಿಕಪ್, ಹೊಸ ಟಾರ್ಪಾಲು, ಬಿಗಿದು ಕಟ್ಟಿದ ಹಗ್ಗ. ದಾರಿಯುದ್ದಕ್ಕೂ ಮಳೆ ಹಿಡಿದಿತ್ತು. ಮಂಡಿಯಲ್ಲಿ ಟಾರ್ಪಾಲು ಸರಿಸಿದಾಗ ಮೇಲಿನ ಚೀಲಗಳಿಗೆ ಒಂದು ಹನಿಯೂ ತಾಗಿರಲಿಲ್ಲ. ಆದರೆ ಹಿಂಬಾಗಿಲಿಗೆ ಒತ್ತಿಕೊಂಡಿದ್ದ ಕೆಳಸಾಲಿನ ಮೂರು ಚೀಲಗಳ ಬುಡ ಕೆಂಪಗೆ ಕಲೆಗಟ್ಟಿತ್ತು. ನೀರು ಕುಡಿದ ಅಡಿಕೆ ಚೊಗರು, ಅಂದರೆ ಬೇಯಿಸುವಾಗ ಕಟ್ಟಿದ ಕೆಂಪು ಒಗರು ಬಣ್ಣ, ಬಿಟ್ಟಿತ್ತು. ಮಂಡಿಯವರು ಚೀಲ ಸುರಿಸಿ, ಬುಡದ ನಾಲ್ಕು ಅಡಿಕೆಯನ್ನು ಅಂಗೈಯಲ್ಲಿಟ್ಟು ತೋರಿಸಿದರು. ಅದಕ್ಕೆ ಬೂದುಬಣ್ಣದ ಕಲ್ಲುಪುಡಿ ಮೆತ್ತಿಕೊಂಡಿತ್ತು. "ಇದನ್ನು ಉಳಿದ ರಾಶಿಗೆ ಬೆರೆಸುವುದು ಬೇಡ ರಾಯರೇ, ಬೇರೆ ಇಡೋಣ" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಕೊನೆ ಇಳಿಸಿ, ಸುಲಿದು, ಬೇಯಿಸಿ, ಚೊಗರು ಕಟ್ಟಿ, ಅಟ್ಟದ ಮೇಲೆ ದಿನಗಟ್ಟಲೆ ಒಣಗಿಸಿದ್ದು ಸುಮಾರು ಅರವತ್ತು ಕಿಲೋಮೀಟರ್ ದಾರಿಯಲ್ಲಿ ಹಾಳಾಯಿತಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ. ಆ ಮೇಲೆ ನಾನೇ ಒಂದು ಹಳೆಯ ಪಿಕಪ್ ಕೊಂಡೆ. ಅದರ ಬಾಡಿಯೊಳಗೆ ನೀರು, ದೂಳು ಹೇಗೆ ಬರುತ್ತವೆ ಎಂದು ನೋಡುವುದಕ್ಕೇ ಒಂದು ಮಳೆಗಾಲ ಕಳೆದೆ.

ನಾವೆಲ್ಲ ಆಕಾಶ ನೋಡಿ ಟಾರ್ಪಾಲು ಕಟ್ಟುತ್ತೇವೆ. ಕೇಡು ಬರುವುದು ಹೆಚ್ಚಾಗಿ ಹಿಂದಿನಿಂದ ಮತ್ತು ಕೆಳಗಿನಿಂದ. ಗಾಡಿ ಓಡುವಾಗ ಅದರ ಬೆನ್ನಿಗೆ ಗಾಳಿ ತೆಳುವಾಗುತ್ತದೆ. ಆ ಜಾಗ ತುಂಬಲು ಸುತ್ತಲಿನ ಗಾಳಿ ಸುಳಿಯಾಗಿ ನುಗ್ಗುತ್ತದೆ. ಚಕ್ರ ಎಬ್ಬಿಸಿದ ಕೆಸರುನೀರು, ಜಲ್ಲಿಪುಡಿ ಎಲ್ಲವೂ ಅದರೊಂದಿಗೆ ಬಂದು ಹಿಂಬಾಗಿಲಿಗೆ ಬಡಿಯುತ್ತವೆ. ಜೀಪಿನ ಹಿಂದಿನ ಗಾಜಿಗೇ ಎಲ್ಲಕ್ಕಿಂತ ಹೆಚ್ಚು ಕೆಸರು ಕೂರುವುದೂ ಇದರಿಂದಲೇ. ಪಿಕಪ್ಪಿನ ಹಿಂಬಾಗಿಲು ಕೆಳಗೆ ಮಡಚಿಕೊಳ್ಳುವಂಥದ್ದು. ತಿರುಗಣಿ ಇರುವ ಬುಡದಲ್ಲಿ ಬೆರಳು ತೂರುವಷ್ಟು ಸಂದಿ ಇರುತ್ತದೆ, ಎರಡು ಮೂಲೆಗಳಲ್ಲಿ ಇನ್ನೂ ಹೆಚ್ಚು. ನನ್ನ ಮೂರು ಚೀಲ ಕೆಡಿಸಿದ್ದು ಆ ಸಂದಿ.

ನಿಮ್ಮ ಗಾಡಿಯಲ್ಲಿ ಸಂದಿ ಎಲ್ಲೆಲ್ಲಿದೆ ಎಂದು ತಿಳಿಯಲು ಖರ್ಚೇನೂ ಬೇಕಿಲ್ಲ. ರಾತ್ರಿ ಗಾಡಿ ನಿಲ್ಲಿಸಿ, ಟಾರ್ಪಾಲು ಹೊದಿಸಿ, ಒಬ್ಬರು ಒಳಗೆ ಕುಳಿತುಕೊಳ್ಳಿ. ಇನ್ನೊಬ್ಬರು ಹೊರಗಿನಿಂದ ಅಂಚುಗಳ ಉದ್ದಕ್ಕೂ, ಬಾಡಿಯ ತಳಕ್ಕೂ ಟಾರ್ಚ್ ಹಿಡಿಯುತ್ತಾ ಬರಲಿ. ನಾನು ಒಳಗೆ ಕುಳಿತಿದ್ದೆ, ಮಗ ಟಾರ್ಚ್ ಹಿಡಿದಿದ್ದ. ಹಿಂಬಾಗಿಲಿನ ಬುಡದಲ್ಲಿ ಬೆಳಕು ಒಂದು ಉದ್ದ ಗೆರೆಯಾಗಿ ಕಂಡಿತು. ಕ್ಯಾಬಿನ್ ಕಡೆಯ ತಗಡಿನ ಬೆಸುಗೆ ಬಿಟ್ಟ ಕಡೆ ಎರಡು ಚುಕ್ಕಿ. ಚಾಕ್‌ಪೀಸಿನಲ್ಲಿ ಅಲ್ಲೇ ಗುರುತು ಹಾಕಿಕೊಂಡೆ.

ಆ ಚುಕ್ಕಿಗಳಿಗೆ ಸೀಲೆಂಟ್ ಸಾಕಾಯಿತು. ಬಾಗಿಲಿಗೆ ಲಾರಿಯ ಹಳೆಯ ಟ್ಯೂಬನ್ನು ನಾಲ್ಕು ಬೆರಳಗಲ ಪಟ್ಟಿಯಾಗಿ ಕತ್ತರಿಸಿ, ಬಾಗಿಲಿನ ಹೊರಮೈಗೆ ತೆಳು ಕಬ್ಬಿಣದ ಪಟ್ಟಿ ಇಟ್ಟು ಸ್ಕ್ರೂ ಹಾಕಿಸಿದೆ. ಮೇಲಿನ ಹೆಂಚು ಕೆಳಗಿನ ಹೆಂಚನ್ನು ಮುಚ್ಚುವ ಹಾಗೆ ರಬ್ಬರು ಸಂದಿಯನ್ನು ಮುಚ್ಚಿ ಕೆಳಗೆ ಜೋಲುತ್ತದೆ. ಬಾಗಿಲು ತೆರೆದರೆ ಜೊತೆಗೇ ಬಾಗುತ್ತದೆ. ಬದಿಗಳಿಗೆ ಅಂಗಡಿಯಲ್ಲಿ ಸಿಗುವ ಬೀಡಿಂಗ್, ಅಂದರೆ ಸಂದಿ ಮುಚ್ಚುವ ರಬ್ಬರು ಪಟ್ಟಿ, ಅಂಟಿಸಿದೆ. ಅದನ್ನು ಅಂಟಿಸುವ ಮೊದಲು ತಗಡನ್ನು ತೊಳೆದು, ಪೂರ್ತಿ ಒಣಗಿಸಿ, ಎಣ್ಣೆಪಸೆ ಒರೆಸಲೇಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ಕಳಚಿ ಬೀಳುತ್ತದೆ.

ತಳದಲ್ಲಿ ನೀರು ಹೋಗಲು ಇರುವ ತೂತುಗಳಿಗೆ ಬಟ್ಟೆ ತುರುಕುವವರನ್ನು ಬಹಳ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟೇ ಮುಚ್ಚಿದರೂ ಸ್ವಲ್ಪ ನೀರು ಒಳಗೆ ಬಂದೇ ಬರುತ್ತದೆ. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಚೀಲವನ್ನೇ ಹುಡುಕಿಕೊಳ್ಳುತ್ತದೆ, ತಗಡಿಗೂ ತುಕ್ಕು ಹಿಡಿಸುತ್ತದೆ. ತೂತು ತೆರೆದಿರಲಿ, ಚೀಲ ಮೇಲೆದ್ದಿರಲಿ. ಅಡಿಕೆ ಮರ ಸೀಳಿದ ದಬ್ಬೆಯನ್ನು ಸಾಲಾಗಿ ಹಾಕಿ, ಅದರ ಮೇಲೆ ಚೀಲ ಪೇರಿಸಿದರೆ ಕೆಳಗೆ ನೀರು ಹರಿದು ಹೋಗುತ್ತದೆ. ತೋಟದವರಿಗೆ ದಬ್ಬೆಗೇನು ಬರ?

ಟಾರ್ಪಾಲಿನ ವಿಷಯದಲ್ಲಿ ಒಂದು ತಪ್ಪು ಎಲ್ಲ ಕಡೆ ನಡೆಯುತ್ತದೆ. ಗಾಳಿಗೆ ಪಟಪಟ ಬಡಿಯುತ್ತದೆಂದು ಅಂಚನ್ನು ಬಾಡಿಯ ಒಳಕ್ಕೆ ತುರುಕುತ್ತಾರೆ. ಆಗ ಮೇಲೆ ಬಿದ್ದ ಮಳೆಯೆಲ್ಲ ನೇರವಾಗಿ ಒಳಗೇ ಇಳಿಯುತ್ತದೆ. ಅಂಚು ಬಾಡಿಯ ಹೊರಗೆ ಒಂದು ಗೇಣಾದರೂ ಇಳಿದಿರಬೇಕು. ನಡುವೆ ಒಂದು ಬಿದಿರು ಏರಿಸಿ ಚಪ್ಪರದ ಹಾಗೆ ಇಳಿಜಾರು ಕೊಡಬೇಕು. ನೀರು ಮಡುಗಟ್ಟಿದ ಟಾರ್ಪಾಲು ಎಷ್ಟೇ ದಪ್ಪವಿದ್ದರೂ ಹೊಲಿಗೆಯಲ್ಲಿ ಸೋರುತ್ತದೆ. ಎರಡು ತುಂಡು ಸೇರಿಸುವುದಾದರೆ ಮುಂದಿನದು ಹಿಂದಿನದರ ಮೇಲೆ ಬರಲಿ, ಗಾಳಿ ಬಾಯಿ ಬಿಡಿಸುವುದಿಲ್ಲ. ನೈಲಾನ್ ಹಗ್ಗ ನೆನೆದರೆ ಸಡಿಲವಾಗುತ್ತದೆ. ಹತ್ತು ಕಿಲೋಮೀಟರ್ ಹೋದ ಮೇಲೆ ಒಮ್ಮೆ ಇಳಿದು ಮತ್ತೆ ಬಿಗಿಯಿರಿ.

ಇನ್ನೊಂದು ಮಾತು ಹೇಳಲೇಬೇಕು. ನಿನ್ನೆ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿದ ಮರಳು, ಹೊತ್ತ ಗಾಡಿ ಇಂದು ಅಡಿಕೆಗೆ ಬರುತ್ತದೆ. ಪೊರಕೆಯಲ್ಲಿ ಎರಡು ಸಲ ಎಳೆದು "ಸ್ವಚ್ಛವಾಯಿತು" ಎನ್ನುತ್ತಾರೆ. ತಗಡಿನ ಏಣುಗಳ ನಡುವಿನ ಪುಡಿ ಅಲ್ಲೇ ಉಳಿದಿರುತ್ತದೆ. ನೀರು ಸೇರಿದೊಡನೆ ಅದು ಅಂಟಾಗಿ ಚೀಲಕ್ಕೆ ಹತ್ತುತ್ತದೆ. ಬಾಡಿಗೆ ಗಾಡಿಯ ಚಾಲಕರಿಗೆ ದಿನಕ್ಕೆ ಮೂರು ಟ್ರಿಪ್ಪಿನ ಒತ್ತಡ ಇರುವುದು ನನಗೂ ಗೊತ್ತು. ಅದಕ್ಕೇ ಹಿಂದಿನ ಸಂಜೆಯೇ ಗಾಡಿ ತರಿಸಿಕೊಂಡು, ತೊಳೆದು, ಮೂತಿ ಏರಿನ ಕಡೆ ಮಾಡಿ ನಿಲ್ಲಿಸಿ. ಬೆಳಗಾಗುವಷ್ಟರಲ್ಲಿ ನೀರು ಹಿಂದಕ್ಕೆ ಬಸಿದಿರುತ್ತದೆ. ತೊಳೆಯುವ ಕೆಲಸಕ್ಕೆ ಚಾಲಕರಿಗೆ ಬೇರೆ ಹಣ ಕೊಡಿ. ಕೊಡಲೇಬೇಕಾದ ಹಣ ಅದು.

ನಮ್ಮ ಕಡೆಯವರು ಯಾರಾದರೂ ಬಾಗಿಲಿನ ರಬ್ಬರು ನೋಡಬೇಕೆಂದರೆ ಗಾಡಿ ನಮ್ಮ ಅಂಗಳದಲ್ಲೇ ಇರುತ್ತದೆ. ಬಂದು ಅಳತೆ ತೆಗೆದುಕೊಳ್ಳಿ. ಟ್ಯೂಬಿನ ಪಟ್ಟಿ ಇನ್ನೂ ಎರಡು ಗಾಡಿಗಾಗುವಷ್ಟು ಉಳಿದಿದೆ.