ಪುಣೆಯಲ್ಲಿ ಚೆಸ್ಟ್‌ನಟ್ ನೆಡುವ ಮೊದಲು

ಪುಣೆ ಸುತ್ತಲೂ ಚೆಸ್ಟ್‌ನಟ್ (ಸುಟ್ಟು ತಿನ್ನುವ ಕಾಯಿ ಬಿಡುವ ಚಳಿನಾಡಿನ ಮರ) ಬೆಳೆಯಬಹುದು ಎನ್ನುವವರಿದ್ದಾರೆ. ಗಿಡ ಬದುಕೀತು, ಕಾಯಿ ಕಷ್ಟ. ಅದಕ್ಕೆ ದೀರ್ಘ ಚಳಿ ಬೇಕು, ತುಸು ಹುಳಿ ಮಣ್ಣು ಬೇಕು (ಪಿಎಚ್ 5.5ರಿಂದ 6.5). ಇಲ್ಲಿನ ಸುಣ್ಣದಂಶದ ಕಪ್ಪು ಮಣ್ಣಿನಲ್ಲಿ ಎಲೆ ಹಳದಿಯಾಗುತ್ತದೆ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯ ರೋಗ ಬೇರನ್ನೇ ಕೊಳೆಸುತ್ತದೆ. ಒಂಟಿ ಮರ ನೆಟ್ಟು ಕಾಯುವುದಂತೂ ದಂಡ: ಪರಾಗಕ್ಕೆ ಬೇರೆ ತಳಿಯ ಇನ್ನೊಂದು ಮರ ಹತ್ತಿರದಲ್ಲೇ ಇರಬೇಕು.

ಮುಂಬೈಯಲ್ಲಿ ಆಮದು ಕಾಯಿ ಸಿಕ್ಕರೆ ಗೋಡಂಬಿಯಂತೆ ಡಬ್ಬಿಗೆ ಹಾಕಿಡಬೇಡಿ. ಅದರಲ್ಲಿ ಅರ್ಧದಷ್ಟು ನೀರೇ, ಬೇಗ ಬೂಸ್ಟು ಹಿಡಿಯುತ್ತದೆ, ಫ್ರಿಜ್ಜಿನಲ್ಲಿಡಿ. ಸಿಪ್ಪೆಗೆ ಅಡ್ಡಗೀರು ಹಾಕಿ 200 ಡಿಗ್ರಿ ಓವನ್ನಿನಲ್ಲಿ 20-25 ನಿಮಿಷ ಸುಡಿ. ಗೀರದಿದ್ದರೆ ಒಳಗಿನ ಹಬೆಗೆ ಸಿಡಿಯುತ್ತದೆ. ಬಿಸಿಯಿದ್ದಾಗಲೇ ಸುಲಿಯಿರಿ, ಆರಿದರೆ ಒಳಪೊರೆ ಬಿಡುವುದಿಲ್ಲ. ರುಚಿ? ಹೆಚ್ಚುಕಡಿಮೆ ನಮ್ಮ ಹಲಸಿನ ಬೀಜವೇ, ಸ್ವಲ್ಪ ಸಿಹಿ.