ನೀವೂ ಒಂದ್ಸಲ ನುಡಿಸಿ ಸಾರ್

ಕೀಬೋರ್ಡ್ ಕೊಳ್ಳಲು ಹೋದ ನಾನು ಅಂಗಡಿಯಲ್ಲಿ ಮುಟ್ಟಿದ್ದು ಒಂದೇ ಒಂದು ಕೀ. ಅದೂ ತೋರುಬೆರಳಿನ ತುದಿಯಲ್ಲಿ, ದೋಸೆ ಕಾವಲಿ ಕಾದಿದೆಯಾ ಅಂತ ನೋಡುವ ಹಾಗೆ. ‘ಟಿಂಗ್’ ಅಂದಿತು. ‘ಚೆನ್ನಾಗಿದೆ’ ಅಂದೆ. 38 ಸಾವಿರ ರೂಪಾಯಿ ಕೊಟ್ಟು ಬಂದೆ.

ನಿವೃತ್ತಿಗೆ ಎರಡು ವರ್ಷ ಇರುವಾಗ ಇದೇನು ಆಸೆ ಅಂತ ಮನೆಯಲ್ಲಿ ಕೇಳಿದ್ದರು. ಉತ್ತರ ನನ್ನಲ್ಲೂ ಇರಲಿಲ್ಲ. ಸುಮ್ನೆ ನೋಡ್ಕೊಂಡು ಬರ್ತೀನಿ ಅಂದಿದ್ದೆ. ಸುಮ್ನೆ ನೋಡಲು ಬರುವವರಿಗಾಗಿಯೇ ಅಂಗಡಿಯವರು ಒಬ್ಬ ಹುಡುಗನನ್ನು ಇಟ್ಟಿರುತ್ತಾರೆ ಅಂತ ಆಗ ಗೊತ್ತಿರಲಿಲ್ಲ.

ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ. ಕಿವಿಯಲ್ಲಿ ಸಣ್ಣ ಓಲೆ, ಕೊರಳಲ್ಲಿ ಐಡಿ ಕಾರ್ಡು. ‘ಏನ್ ನುಡಿಸ್ತೀರ ಸಾರ್?’ ಅಂದ. ‘ಇನ್ನು ಮೇಲೆ ಕಲೀಬೇಕು’ ಅಂದೆ. ತಲೆಯಾಡಿಸಿ ನಿಂತಲ್ಲೇ ಶುರು ಮಾಡಿದ. ಮೊದಲು ಪಿಯಾನೊ. ಅದರ ಬೆನ್ನಿಗೆ ವಯಲಿನ್‌ಗಳ ಒಂದು ಗುಂಪು. ಎಡಗೈ ಮೂರು ಕೀಗಳನ್ನು ಒಟ್ಟಿಗೆ ಹಿಡಿದಿದ್ದೇ ತಡ, ಡ್ರಮ್ಸು, ಬೇಸು, ಗಿಟಾರು ಎಲ್ಲ ಕರೆಯದೆ ಬಂದ ನೆಂಟರ ಹಾಗೆ ಬಂದು ಕೂತವು. ಒಂದು ಬಟನ್ ಒತ್ತಿದರೆ ತಾಳ ಗಿರಕಿ ಹೊಡೆದು ಮತ್ತೆ ಸರಿಯಾಗಿ ಸಮಕ್ಕೆ ಬರುತ್ತಿತ್ತು. ಕಡೆಗೆ ನಾಗಸ್ವರ. ಎಡತುದಿಯಲ್ಲಿರುವ ಪಿಚ್ ಬೆಂಡ್ ಚಕ್ರವನ್ನು ಹೆಬ್ಬೆರಳಲ್ಲಿ ಹೀಗೆ ಸವರಿದ ನೋಡಿ, ಗಮಕ ಜಾರಿಕೊಂಡು ಬಂತು. ಮೂವತ್ತು ವರ್ಷದ ಹಿಂದಿನ ನನ್ನ ಮದುವೆ ಛತ್ರ ಕಣ್ಣ ಮುಂದೆ ನಿಂತಿತು. ಎಲ್ಲ ಸೇರಿ ಎರಡು ನಿಮಿಷ ಇರಬಹುದು. ತಬಲಾ ರಿಪೇರಿಗೆ ಬಂದಿದ್ದವರೂ ತಿರುಗಿ ನೋಡಿದರು.

ಆಮೇಲೆ ಪಕ್ಕಕ್ಕೆ ಸರಿದು, ತುಂಬ ವಿನಯದಿಂದ, ‘ನೀವೂ ಒಂದ್ಸಲ ನುಡಿಸಿ ಸಾರ್’ ಅಂದ.

ವ್ಯಾಪಾರ ಕುದುರುವುದು ಇಲ್ಲೇ. ಅಷ್ಟು ಹೊತ್ತು ಭೀಮಸೇನ ಅಡುಗೆ ಮಾಡಿದ ಒಲೆಯ ಮೇಲೆ ಈಗ ನಾವು ನೀರು ಕಾಯಿಸಬೇಕು. ಅದೂ ಎಲ್ಲರ ಎದುರಿಗೆ. ನನಗೆ ಗೊತ್ತಿದ್ದದ್ದು ಸರಿಗಮ, ಅದರಲ್ಲೂ ನಿಷಾದದ ಹತ್ತಿರ ಅನುಮಾನ. ಹಾಗಾಗಿ ‘ಟಿಂಗ್’. ಕೀ ಬೆರಳಿಗೆ ಹಿತವಾಗಿದೆಯಾ, ಮೆಲ್ಲಗೆ ಒತ್ತಿದರೆ ಮೆಲ್ಲಗೆ ಕೇಳುತ್ತಾ, ಏನೂ ನೋಡಲಿಲ್ಲ. ನಾಚಿಕೆ ಎಂಬುದು ಇಷ್ಟು ದುಬಾರಿ ಅಂತ ಯಾರೂ ಹೇಳಿರಲಿಲ್ಲ.

ಸೀರೆ ಅಂಗಡಿಯಲ್ಲಿ ಈ ಕಷ್ಟ ಇಲ್ಲ. ಅಲ್ಲಿ ದಪ್ಪ ಮೀಸೆಯ ಗಂಡಸು ಸೀರೆಯನ್ನು ತನ್ನ ಪ್ಯಾಂಟಿನ ಮೇಲೆಯೇ ಸುತ್ತಿಕೊಂಡು, ನೆರಿಗೆ ಹಿಡಿದು, ಸೆರಗು ಬಿಟ್ಟು ನಿಲ್ಲುತ್ತಾನೆ. ನೋಡುವ ಹೆಂಗಸಿಗೆ ಒಂದು ಧೈರ್ಯ: ‘ಇವನಿಗಿಂತ ನಾನು ಚೆನ್ನಾಗಿ ಕಾಣ್ತೀನಿ.’ ಕೀಬೋರ್ಡ್ ಅಂಗಡಿಯಲ್ಲಿ ಎಲ್ಲ ತಿರುಗುಮುರುಗು. ತೋರಿಸುವವನೇ ಚೆಂದ, ಕೊಳ್ಳುವವನಿಗೆ ಮೀಸೆ.

ಮನೆಗೆ ತಂದು ಊಟದ ಮೇಜಿನ ಮೇಲೆ ಇಟ್ಟು ಪ್ಲಗ್ ಹಾಕಿದೆ. ಪಿಯಾನೊ ತೆಳ್ಳಗೆ ಕೇಳಿತು. ಅಂಗಡಿಯಲ್ಲಿ ಅದರ ಹಿಂದೆ ಎರಡು ದೊಡ್ಡ ಸ್ಪೀಕರ್ ಇದ್ದದ್ದು ಆಗ ನೆನಪಾಯಿತು. ಜೋರಾಗಿ ಕೇಳುವುದೇ ಕಿವಿಗೆ ಚೆನ್ನಾಗಿ ಕೇಳುತ್ತದೆ, ಅದು ಮನುಷ್ಯನ ಕಿವಿಯ ದೌರ್ಬಲ್ಯ. ಇರಲಿ ಅಂತ ನಾಗಸ್ವರ ಹುಡುಕಿದೆ. ಟ್ರಂಪೆಟ್ ಇತ್ತು, ಓಬೋ ಇತ್ತು, ಹೆಲಿಕಾಪ್ಟರ್ ಸದ್ದು ಕೂಡ ಇತ್ತು. ನಾಗಸ್ವರ ಇರಲಿಲ್ಲ. ಫೋನ್ ಮಾಡಿದೆ. ‘ಅದು ನಮ್ಮ ಪೆನ್‌ಡ್ರೈವ್‌ದು ಸಾರ್, ಇಂಡಿಯನ್ ಟೋನ್ಸ್. ಬೇಕಾದ್ರೆ ಹಾಕ್ಕೊಡ್ತೀನಿ, 1500 ಆಗುತ್ತೆ’ ಅಂದ. ಸಿಟ್ಟು ಬಂತು. ಮಾರನೇ ದಿನ 1500 ತಗೊಂಡು ಹೋದೆ.

ಸಿಟ್ಟು ಇಳಿದ ಮೇಲೆ ಈ ಹುಡುಗನ ವಂಶಾವಳಿ, ಅಂದರೆ ವಾದ್ಯ ನುಡಿಸಿ ತೋರಿಸಿ ಮಾರುವವರ ಕತೆ, ಹುಡುಕಿದೆ. ಭಾರಿ ದೊಡ್ಡ ಮನೆತನ. ರಷ್ಯಾದ ಲೆವ್ ಥೆರೆಮಿನ್ ಮುಟ್ಟದೆಯೇ ನುಡಿಸುವ ಒಂದು ವಿದ್ಯುತ್ ವಾದ್ಯ ಕಂಡುಹಿಡಿದ. ಬಲಗೈಯನ್ನು ಒಂದು ಸರಳಿನ ಹತ್ತಿರ ತಂದರೆ ಸ್ವರ ಏರುತ್ತದೆ, ದೂರ ಒಯ್ದರೆ ಇಳಿಯುತ್ತದೆ. ಎಡಗೈಯದು ಸದ್ದು ಹೆಚ್ಚು ಕಡಿಮೆ ಮಾಡುವ ಕೆಲಸ. 1922ರಲ್ಲಿ ಅದನ್ನು ಕ್ರೆಮ್ಲಿನ್‌ಗೆ ಒಯ್ದು ಲೆನಿನ್ನನ ಎದುರು ನುಡಿಸಿದ. ಲೆನಿನ್ ತಾನೂ ನುಡಿಸುತ್ತೇನೆ ಅಂದನಂತೆ. ಥೆರೆಮಿನ್ ಹಿಂದೆ ನಿಂತು ಅವನ ಕೈ ಹಿಡಿದುಕೊಂಡ. ಸ್ವಲ್ಪ ಹೊತ್ತಾದ ಮೇಲೆ ಕೈ ಬಿಟ್ಟ. ಲೆನಿನ್ ಹಾಡನ್ನು ತಾನೇ ಮುಗಿಸಿದ. ಇದು ಥೆರೆಮಿನ್ ಹೇಳಿಕೊಂಡಿರುವ ಕತೆ, ಮಾರುವವನ ಮಾತಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟು ಕೊಡಿ. ಆದರೆ ಆ ಕೈ ಹಿಡಿದ ಬಗೆ ನನಗೆ ಇಷ್ಟವಾಯಿತು. ನಮ್ಮ ಹುಡುಗ ಪಕ್ಕಕ್ಕೆ ಸರಿದ, ಥೆರೆಮಿನ್ ಹಿಂದೆ ನಿಂತ.

ಅದೇ ವಾದ್ಯವನ್ನು 1929ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಮಾರಾಟಕ್ಕೆ ಇಟ್ಟಿತು. ಗುನುಗಲು ಬಂದರೆ ಸಾಕು, ಯಾರು ಬೇಕಾದರೂ ನುಡಿಸಬಹುದು ಅಂತ ಪ್ರಚಾರ ಬೇರೆ. ಮನೆಗೆ ಒಯ್ದು ನೋಡಿದರೆ, ಹಿಡಿಯಲು ಕೀ ಇಲ್ಲ, ತಂತಿ ಇಲ್ಲ, ಬರೀ ಗಾಳಿ. ಗಾಳಿಯಲ್ಲಿ ರಿಷಭ ಎಲ್ಲಿದೆ ಅಂತ ಹುಡುಕುವುದು ಹೇಗೆ? ಅಷ್ಟರಲ್ಲಿ ಷೇರುಪೇಟೆಯೂ ಬಿತ್ತು. ತಯಾರಾದದ್ದು ಒಟ್ಟು 500ರಷ್ಟು ಮಾತ್ರ. ಅದನ್ನು ಕೊಂಡ ಆ ಅಮೆರಿಕನ್ನರೆಲ್ಲ ನನಗೆ ದಾಯಾದಿಗಳ ಹಾಗೆ ಕಾಣುತ್ತಾರೆ.

ಡೆಮೊ ಮಾಡುವವನ ಕೈ ಡಬ್ಬದೊಳಗೆ ಪ್ಯಾಕ್ ಆಗಿ ಬರುವುದಿಲ್ಲ ಅಂತ ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ಆಮೇಲೆ ನೋಡಿದರೆ ಒಮ್ಮೆ ಬಂದಿದೆ. 1983ರಲ್ಲಿ ಯಮಾಹಾ ಡಿಎಕ್ಸ್7 ಎಂಬ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದಲೇ ನಾದ ಕಟ್ಟುವ ಕೀಬೋರ್ಡ್, ಬಂತು. ಅದರಲ್ಲಿ ಹೊಸ ನಾದ ಕಟ್ಟುವುದು ಅಂದರೆ ಪಂಚಾಂಗ ಗುಣಿಸಿದ ಹಾಗೆ. ತಿರುಗಿಸಲು ಸಾಲು ಸಾಲು ತಿರುಪುಗಳಿಲ್ಲ, ಎರಡು ಸಾಲಿನ ಪುಟ್ಟ ಪರದೆ ನೋಡಿಕೊಂಡು ಬಟನ್ ಒತ್ತುತ್ತಾ ಹೋಗಬೇಕು. ಹೆಚ್ಚಿನ ಸಂಗೀತಗಾರರು ಆ ಗೋಜಿಗೇ ಹೋಗಲಿಲ್ಲ. ಕಂಪನಿ ಮೊದಲೇ ತುಂಬಿಸಿ ಕೊಟ್ಟದ್ದನ್ನೇ ನುಡಿಸಿದರು. ತುಂಬಿಸಿದ್ದು ಯಾರು? ಯಮಾಹಾದ ವಾದ್ಯಗಳನ್ನು ನುಡಿಸಿ ತೋರಿಸುತ್ತಿದ್ದ ಡೇವ್ ಬ್ರಿಸ್ಟೊ, ಮತ್ತು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪಿಯಾನೊ ಅಂಗಡಿ ಇಟ್ಟಿದ್ದ ಗ್ಯಾರಿ ಲ್ಯೂಯೆನ್‌ಬರ್ಗರ್. ಒಬ್ಬ ಡೆಮೊದವನು, ಒಬ್ಬ ಅಂಗಡಿಯವನು. ಆ ದಶಕದ ಪಾಪ್ ಹಾಡುಗಳಲ್ಲಿ ಗಾಜಿನ ಬಳೆ ತಾಗಿದಂತೆ ಕೇಳುವ ಎಲೆಕ್ಟ್ರಿಕ್ ಪಿಯಾನೊ ಇದೆಯಲ್ಲ, ಅದು ಅಲ್ಲಿಂದಲೇ ಬಂದದ್ದು. ಕೊಂಡವರಿಗೆ ಇವರ ಬೆರಳು ಸಿಗದಿದ್ದರೂ ಕಿವಿ ಸಿಕ್ಕಿತು.

ನಮ್ಮ ಕಡೆಯ ಆರ್ಕೆಸ್ಟ್ರಾದವರು ಮಾತ್ರ ಅಂಗಡಿಯ ಹುಡುಗನಿಗೆ ಸೊಪ್ಪು ಹಾಕುವುದಿಲ್ಲ. ನನಗೊಬ್ಬ ಪರಿಚಯದವರಿದ್ದಾರೆ, ಗಣೇಶನ ಹಬ್ಬದ ರಸಮಂಜರಿಗಳಲ್ಲಿ ಪ್ಯಾಡ್, ಅಂದರೆ ಕೋಲಿನಲ್ಲಿ ಬಾರಿಸುವ ಎಲೆಕ್ಟ್ರಾನಿಕ್ ಡ್ರಮ್ಮು, ಬಾರಿಸುತ್ತಾರೆ. ಯಾವ ಕಂಪನಿಯ ಪ್ಯಾಡ್ ಆದರೂ ಅವರಿಗೆ ಅದು ಆಕ್ಟೋಪ್ಯಾಡೇ. 1985ರಲ್ಲಿ ರೋಲ್ಯಾಂಡ್ ಕಂಪನಿ ತನ್ನ ಪ್ಯಾಡಿಗೆ ಇಟ್ಟ ಹೆಸರು ನಮ್ಮಲ್ಲಿ ಎಲ್ಲದಕ್ಕೂ ಅಂಟಿಕೊಂಡಿದೆ. ಹೊಸದು ಕೊಳ್ಳಬೇಕಾದಾಗ ಅವರು ಪಕ್ಕದ ಊರಿನ ಪೆಂಡಾಲಿಗೆ ಹೋಗಿ ಕೂರುತ್ತಾರೆ. ರಾತ್ರಿ ಹನ್ನೊಂದಕ್ಕೆ ಕಾರ್ಯಕ್ರಮ ಮುಗಿದು ವೈರ್ ಸುತ್ತುವಾಗ ವೇದಿಕೆಯ ಹಿಂದೆ ಹೋಗಿ, ‘ಅಣ್ಣ, ಆ ತಮಟೆ ಟೋನ್ ಯಾವ್ದು?’ ಅಂತ ಕೇಳುತ್ತಾರೆ. ಮಂಜು ಬಿದ್ದು, ಜನರೇಟರ್ ಕೈಕೊಟ್ಟು, ಕುಡಿದವರೊಬ್ಬರು ವೇದಿಕೆ ಹತ್ತಿ, ಅದೆಲ್ಲದರ ನಡುವೆ ಕೇಳಿಸಿದ ವಾದ್ಯವನ್ನಷ್ಟೇ ಅವರು ನಂಬುವುದು.

ನನ್ನ ಚಿಕ್ಕಮ್ಮ ಇನ್ನೂ ಗಟ್ಟಿ. ಮೈಸೂರಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ಹಳೆಯ ಎಲೆಕ್ಟ್ರಾನಿಕ್ ತಂಬೂರಿ ಕೆಟ್ಟಿತ್ತು, ಹೊಸದು ಕೊಳ್ಳಲು ನಾನು ಜೊತೆಗೆ ಹೋಗಿದ್ದೆ. ಈ ಪೆಟ್ಟಿಗೆ ನಮ್ಮವರದೇ ಕೂಸು. ಬೆಂಗಳೂರಿನ ಇಂಜಿನಿಯರ್, ಕೊಳಲು ನುಡಿಸುವ ಜಿ. ರಾಜ್ ನಾರಾಯಣ್ 1979ರಲ್ಲಿ ಮಾಡಿದ್ದು. ಅಂಗಡಿಯ ಹುಡುಗಿ, ‘ಇದ್ರಲ್ಲಿ ಬ್ಲೂಟೂತ್ ಇದೆ ಮೇಡಂ, ಇದ್ರಲ್ಲಿ ತಾಳನೂ...’ ಅಂತ ಶುರು ಮಾಡಿದಳು.

‘ಆಮೇಲೆ ಹೇಳುವೆಯಂತೆ ಕಣಮ್ಮ. ಐದೂವರೆ ಶ್ರುತಿಗೆ ಇಟ್ಟು ಸುಮ್ನಿರು’ ಅಂದರು ಚಿಕ್ಕಮ್ಮ.

ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತರು. ಐದು ನಿಮಿಷ ಆಯಿತು. ಹತ್ತು ಆಯಿತು. ಹುಡುಗಿ ಮೊದಲು ಫೋನ್ ನೋಡಿದಳು, ಆಮೇಲೆ ಅವಳೂ ಇನ್ನೊಂದು ಸ್ಟೂಲ್ ಎಳೆದುಕೊಂಡು ಕೂತಳು. ಬೀದಿಯ ಹಾರ್ನು ಒಳಗೆ ಬರುತ್ತಿತ್ತು. ಚಿಕ್ಕಮ್ಮ ಬಾಯಿ ಅರೆ ತೆರೆದು, ಯಾರಿಗೂ ಕೇಳದ ಹಾಗೆ ಷಡ್ಜ ಹಿಡಿದು ನೋಡಿದರು. ಆಮೇಲೆ ಕಣ್ಣು ಬಿಟ್ಟು, ‘ಪಂಚಮ ಯಾಕೋ ಮುನಿಸಿಕೊಂಡಿದೆ’ ಅಂದರು. ಹುಡುಗಿ ತಿರುಪು ಸ್ವಲ್ಪ ತಿರುಗಿಸಿದಳು. ‘ಹಾಂ, ಬಂತು.’ ಇಪ್ಪತ್ತು ನಿಮಿಷಕ್ಕೆ ಮೂರು ಮಾತು. ಬ್ಲೂಟೂತ್ ಇಲ್ಲದ, ಇದ್ದುದರಲ್ಲೇ ಸಾದಾ ಪೆಟ್ಟಿಗೆ ಮನೆಗೆ ಬಂತು. ದಾರಿಯಲ್ಲಿ ನನ್ನ ಕೀಬೋರ್ಡಿನ ಕತೆ ಹೇಳಿದೆ. ‘ಅಲ್ಲೇ ಒಂದು ಸ್ವರ ಹಿಡಿದು ಸ್ವಲ್ಪ ಹೊತ್ತು ನಿಲ್ಲಿಸು ಅನ್ನಬೇಕಿತ್ತು ಕಣೋ’ ಅಂದರು. ಮನೆಗೆ ಬಂದು ಕೊಳಲಿನ ಟೋನ್ ಹಾಕಿ ಒಂದು ಕೀ ಒತ್ತಿ ಹಿಡಿದೆ. ಮೂರು ಎಣಿಸುವಷ್ಟರಲ್ಲಿ ಅದೇ ಉಸಿರು ಮತ್ತೆ ಮತ್ತೆ ಸುತ್ತತೊಡಗಿತು. ಆ ಹುಡುಗ ಎರಡು ನಿಮಿಷದಲ್ಲಿ ಒಂದು ಸ್ವರವನ್ನೂ ನಿಲ್ಲಿಸಿರಲಿಲ್ಲ.

ಇಷ್ಟೆಲ್ಲ ತಿಳಿದುಕೊಂಡವನ ಮನೆಗೆ ಹೋದ ತಿಂಗಳು ಎದುರುಮನೆಯ ಪಿಯುಸಿ ಹುಡುಗ ಬಂದ. ‘ಅಂಕಲ್, ಕೀಬೋರ್ಡ್ ತಗೋಬೇಕು ಅಂತಿದೀನಿ, ನಿಮ್ದು ಹೆಂಗಿದೆ?’ ಅಂದ. ಒಂದೂವರೆ ವರ್ಷದಲ್ಲಿ ನನಗೆ ತಪ್ಪಿಲ್ಲದೆ ಬರುವುದು ಒಂದೇ ಹಾಡಿನ ಪಲ್ಲವಿ. ಪೆನ್‌ಡ್ರೈವ್ ಚುಚ್ಚಿದೆ. ವಾಲ್ಯೂಮ್ ಒಂದು ಗೆರೆ ಏರಿಸಿದೆ. ಎಡಗೈಗೆ ತಾಳ ಕೊಟ್ಟು, ಬಲಗೈಯಲ್ಲಿ ನಾಗಸ್ವರ ಹಿಡಿದು, ಚಕ್ರ ಸವರಿ, ಚರಣ ಬರುವ ಮೊದಲೇ ಎಂಡಿಂಗ್ ಬಟನ್ ಒತ್ತಿದೆ. ಧಂ ಅಂತ ನಿಂತಿತು. ಹುಡುಗನ ಕಣ್ಣು ಇಷ್ಟಗಲ ಆಗಿತ್ತು.

ಪಕ್ಕಕ್ಕೆ ಸರಿದು, ‘ನೀನೂ ಒಂದ್ಸಲ ನುಡಿಸಪ್ಪ’ ಅಂದೆ.

ಅವನು ತೋರುಬೆರಳು ಚಾಚಿದ.